ಆರು ಗಂಟೆಯ ಬಸ್ಸು ಆರೂ ಹತ್ತಕ್ಕೆ ಹೊರಟಿದ್ದು

ನಾನು ಬಸ್ ಡ್ರೈವರ್ ಆಗಿದ್ದೆ. ತೊಂಬತ್ತರ ದಶಕದಲ್ಲಿ ನಮ್ಮ ಬಸ್ಸು ರಾತ್ರಿ ಬಿಕ್ಕೋಡಿನಲ್ಲಿ ನಿಂತು, ಬೆಳಿಗ್ಗೆ ಆರಕ್ಕೆ ಬೇಲೂರಿಗೆ ಹೊರಡುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ನನಗೆ ಬಯಲಿಗೆ ಹೋಗುವ ಅವಸರ. ಜನ ಹತ್ತಿ ಕೂತಿರುತ್ತಿದ್ದರು. ತಡೆದುಕೊಂಡು ಹೊರಡುತ್ತಿದ್ದೆ. ದಾರಿಯಲ್ಲಿ ಇಳಿಯಬೇಕಾದೀತೆಂದು ನೀರನ್ನೂ ಕುಡಿಯುತ್ತಿರಲಿಲ್ಲ. ಕೊನೆಗೆ ನಾಲ್ಕು ದಿನಕ್ಕೊಮ್ಮೆಯೂ ಸರಿಯಾಗಿ ಆಗದೆ, ಸೀಟಿನಲ್ಲಿ ಕೂರುವುದೇ ಕಷ್ಟವಾಯಿತು. ಕೂರಲಾಗದ ಡ್ರೈವರಿಗೆ ಕೆಲಸ ಎಲ್ಲಿಯದು?

ಒಂದು ದಿನ ಮುಂದಿನ ಸೀಟಿನಲ್ಲಿದ್ದ ಆಸ್ಪತ್ರೆಯ ನರ್ಸಮ್ಮ ಕೇಳಿಯೇಬಿಟ್ಟರು. "ಯಾಕ್ರೀ ಒಂದ್ ಕಡೆಗೆ ವಾಲ್ಕೊಂಡು ಕೂತಿದ್ದೀರಾ? ಮಲಬದ್ಧತೆನಾ?"

ಇಂಜಿನ್ನಿನ ಸದ್ದಿನಲ್ಲಿ ಕೂಗಿ ಕೇಳಿದ್ದರಿಂದ ಇಡೀ ಬಸ್ಸಿಗೆ ಕೇಳಿಸಿತು. ನಾನು ಗೇರ್ ಬದಲಾಯಿಸಿದೆ.

"ಹರಳೆಣ್ಣೆ ಕುಡೀರಿ ಡ್ರೈವರಣ್ಣ" ಎಂದ ಹಿಂದಿನಿಂದ ಒಬ್ಬ.

"ಏನ್ಲಾ, ಅದನ್ನ ಕುಡುದ್ರೆ ಬಸ್ಸು ಬೇಲೂರು ಮುಟ್ತದಾ?" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

"ಸುಮ್ನಿರ್ರೀ!" ನರ್ಸಮ್ಮ ಗದರಿ, ನನ್ನ ಕಡೆ ತಿರುಗಿದರು. "ಬಂದಾಗ ತಡೆದ್ರೆ ಒಳಗೇ ಒಣಗಿ ಗಟ್ಟಿಯಾಗುತ್ತೆ. ಚೆನ್ನಾಗಿ ನೀರು ಕುಡೀರಿ, ಸೊಪ್ಪು ತಿನ್ನಿ, ಬಂದ ತಕ್ಷಣ ಹೋಗಿ. ರಕ್ತ ಕಂಡ್ರೆ ಡಾಕ್ಟರ ಹತ್ರ ಬನ್ನಿ."

"ಬರೋದೇ ಆರಕ್ಕೆ."

"ಹಾಗಾದ್ರೆ ಬಸ್ಸು ಆರೂ ಹತ್ತಕ್ಕೆ ಹೊರಡ್ಲಿ. ಏನ್ರಪ್ಪಾ?"

ಯಾರೂ ಬೇಡವೆನ್ನಲಿಲ್ಲ.

ಎರಡು ವಾರದಲ್ಲಿ ಸರಿಹೋಯಿತು. ಆದರೆ ದಿನಾ ನಾನು ಬಯಲಿನಿಂದ ಬಂದು ಬಸ್ಸು ಹತ್ತುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಯಿತೆಂದು ನಾನು ತಲೆಯಾಡಿಸಿದ ಮೇಲೆಯೇ ಕಂಡಕ್ಟರ್ ವಿಸಿಲ್ ಊದುತ್ತಿದ್ದ.