ಮೈಕು ಹಿಡಿದ ಹೇಮಶ್ರೀ

ಚಾಮರಾಜಪೇಟೆಯ ಯಾವ ಸಭಾಂಗಣದಲ್ಲಿ ವಿಚಾರ ಸಂಕಿರಣ ನಡೆದರೂ ನಿರೂಪಣೆಗೆ ಹೇಮಶ್ರೀಯೇ ಬೇಕು; ಆದರೆ ಆಕೆ ಬಂದರೆ ಯಾರಿಗೂ ನೆಮ್ಮದಿಯಿಲ್ಲ. ಒಂದು ಗಂಟೆ ಮೊದಲೇ ಬಂದು ಸಾಲು ಕುರ್ಚಿಗಳನ್ನೆಲ್ಲ ಎಳೆಸಿ ದುಂಡಗೆ ಹಾಕಿಸುತ್ತಾಳೆ. ವೇದಿಕೆಯ ಗಣ್ಯರನ್ನು ಕೆಳಗಿಳಿಸಿ ಸಭಿಕರ ನಡುವೆ ಕೂರಿಸುತ್ತಾಳೆ. ಭಾಷಣ ಹದಿನೈದು ನಿಮಿಷ ದಾಟಿತೋ, "ಸರ್, ಈಗ ಇವ್ರು ಮಾತಾಡ್ಲಿ" ಎಂದು ಮೈಕು ತೆಗೆದುಕೊಂಡು ಹೊರಟೇಬಿಡುತ್ತಾಳೆ. ನಿಂತಲ್ಲಿ ನಿಲ್ಲುವವಳಲ್ಲ. ತೂಕಡಿಸುವವರ ಮುಂದೆ ಹೋಗಿ, "ನಿಮಗೇನನ್ಸತ್ತೆ, ಹೇಳಿ" ಎನ್ನುತ್ತಾಳೆ. ಉಪ್ಪಿಟ್ಟು ತಿನ್ನುತ್ತಿರುವವರನ್ನೂ ಬಿಡುವುದಿಲ್ಲ. "ಭಾಷಣ ಕೇಳಕ್ಕೆ ಬಂದೋರ್ನ ಪರೀಕ್ಷೆಗೆ ಕೂರಿಸ್ತೀಯಲ್ಲಮ್ಮ" ಎಂದು ಹಿರಿಯ ಪ್ರಾಧ್ಯಾಪಕ ರಾಮಸ್ವಾಮಿ ಗೊಣಗಿದರೆ, "ಹೂಂ ಸರ್, ಮೊದಲ್ನೇ ಪ್ರಶ್ನೆ ನಿಮಗೇ" ಎಂದು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿಯುತ್ತಾಳೆ. ಈ ಚಡಪಡಿಕೆ ಎಲ್ಲಿಂದ ಬಂತೆಂದು ಆಕೆ ಯಾರಿಗೂ ಹೇಳಿದವಳಲ್ಲ. ಆಕೆಯ ತಂದೆ ಆಂಜಿನಯ್ಯ ಇಂಥದೇ ಒಂದು ಸಭಾಂಗಣದಲ್ಲಿ ಇಪ್ಪತ್ತೆಂಟು ವರ್ಷ ಜವಾನರಾಗಿದ್ದವರು. ಪ್ರತಿಯೊಂದು ಭಾಷಣವನ್ನೂ ಬಾಗಿಲ ಬಳಿ ನಿಂತೇ ಕೇಳಿದವರು. ಒಂದು ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, "ಇವತ್ತು ನಮ್ಮ ಕೆರೆ ಬಗ್ಗೆ ಮಾತಾಡಿದ್ರು ಕಣಮ್ಮ. ಕೋಡಿ ಯಾವ ಕಡೆ ಹರೀತಿತ್ತು ಅನ್ನೋದೇ ಅವ್ರಿಗೆ ಗೊತ್ತಿಲ್ಲ. ನಾನು ಈಜು ಕಲ್ತಿದ್ದೇ ಅಲ್ಲಿ" ಎಂದರು. "ಅಲ್ಲೇ ಹೇಳ್ಬೇಕಿತ್ತಪ್ಪ" ಎಂದಳು ಹೇಮಶ್ರೀ. ಅವರು ತಟ್ಟೆಯಿಂದ ಕಣ್ಣೆತ್ತದೆ, "ನನ್ನ ಯಾರು ಕೇಳಿದ್ರು?" ಎಂದರು.