ಮೊಣಕೈಗೊಂದು ಜಾಮೀನು

ಕೋರ್ಟಿನ ಮೆಟ್ಟಿಲ ಮುಂದೆ, ಇಪ್ಪತ್ತು ಕರಿಕೋಟುಗಳ ಕಣ್ಣೆದುರಿಗೆ, ಸಂಶಯಪ್ಪ ಕಾರಿನಿಂದ ಇಳಿದ. ಅವನ ಬಲಗೈ ಮಾತ್ರ ಇಳಿಯಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತ ವಕೀಲಮ್ಮನಿಗೆ ಓಡಿ ಹೋಗಿ ಬಾಗಿಲು ತೆರೆಯುವುದು ಅವನ ಹದಿನಾಲ್ಕು ವರ್ಷದ ಅಭ್ಯಾಸ. ಅದೇ ಅವಸರದಲ್ಲಿ ಕಾಲು ಹೊರಗಿಟ್ಟರೆ, ಅಂಗಿಯ ತೋಳು ಬಾಗಿಲಿಗೆ ಅಂಟಿಕೊಂಡೇ ಇತ್ತು. ಎಳೆದ. ಬಾಗಿಲು ಸಾಕಿದ ನಾಯಿಯಂತೆ ಹಿಂದೆಯೇ ಬಂದು ಸೊಂಟಕ್ಕೆ ಗುದ್ದಿತು. ಇನ್ನೊಮ್ಮೆ ಜೋರಾಗಿ ಎಳೆದ. ಪರ್ರೆಂದು ಸದ್ದಾಯಿತು, ಮೊಣಕೈಯ ಬಟ್ಟೆ ಬಾಗಿಲಿನ ಪಾಲಾಯಿತು, ಮಿಕ್ಕ ಅಂಗಿ ಅವನ ಪಾಲಿಗೆ ಬಂತು.

"ಆರ್ಮ್‌ರೆಸ್ಟ್ ಅಂತ ಕೇಳಿದ್ದೆ, ಇದೇನ್ರೀ ಆರ್ಮ್ ಅರೆಸ್ಟು!" ಎಂದ ಒಬ್ಬ ಕರಿಕೋಟು. "ಜಾಮೀನು ಕೊಡಿಸ್ಲಾ?"

ಮೆಟ್ಟಿಲೆಲ್ಲ ನಕ್ಕಿತು. ವಕೀಲಮ್ಮ ತಾವೇ ಬಾಗಿಲು ತೆಗೆದುಕೊಂಡು ಇಳಿದು ಕೇಳಿದರು:

"ಏನಾಯ್ತ್ರೀ ಕೈಗೆ?"

"ಏನಿಲ್ಲಮ್ಮಾ. ಯಾರೋ ಚೂಯಿಂಗ್ ಗಮ್ ಮೆತ್ತಿಬಿಟ್ಟಿದ್ದಾರೆ."

ಸುಳ್ಳು ಸಾಕ್ಷಿಗಳನ್ನು ನೋಡುವ ನೋಟವೊಂದು ಅವರಲ್ಲಿತ್ತು. ಆ ನೋಟವನ್ನು ಅವನ ಮೇಲೆ ಒಂದು ಕ್ಷಣ ಇಟ್ಟು, ತೆಗೆದುಕೊಂಡು, ಮೆಟ್ಟಿಲು ಹತ್ತಿದರು.

ನಿಜಾಂಶ ಇಷ್ಟು. ಹಳೆಯ ಕಾರಿನ ಬಾಗಿಲಲ್ಲಿ ಕೈಯೂರುವ ಜಾಗಕ್ಕೆ ಬಟ್ಟೆಯ ಹೊದಿಕೆಯಿತ್ತು. ಹದಿಮೂರು ವರ್ಷ ತಿಕ್ಕಿಸಿಕೊಂಡು ಅದು ಸಂಶಯಪ್ಪನ ಮೊಣಕೈಗೆ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ತಗ್ಗಾಗಿತ್ತು. ಹೊಸ ಕಾರಿನಲ್ಲಿ ಅಲ್ಲಿರುವುದು ಬರೀ ಪ್ಲಾಸ್ಟಿಕ್. ನೋಡಿದರೆ ಮಿರಮಿರ, ಊರಿದರೆ ಬಂಡೆ. ನಾಲ್ಕು ತಿಂಗಳಿಗೆ ಮೊಣಕೈ ಕಪ್ಪಾಯಿತು. ಅದಾದರೂ ಹೋಗಲಿ, ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜುಮುಗುಟ್ಟಿ ಮರಗಟ್ಟತೊಡಗಿದವು. ಅದಕ್ಕೇ ಮೈ ಉಜ್ಜುವ ಸ್ಪಂಜು ಕತ್ತರಿಸಿ, ಚಪ್ಪಲಿಗೆ ಹಾಕುವ ಅಂಟು ಬಳಿದು ಬಾಗಿಲಿಗೆ ಒತ್ತಿದ್ದ. ಮೆತ್ತಗಿರಲಿ ಎಂದು ಮೆತ್ತಿದ್ದು ಅವನಿಗೇ ಮೆತ್ತಿಕೊಂಡಿತು. ಒಂದು ದಿನ ಒಣಗಲು ಬಿಡಿ ಎಂದು ಡಬ್ಬಿಯ ಮೇಲೆ ಬರೆದೇ ಇತ್ತು. ಆದರೆ ಬರೆದದ್ದನ್ನೆಲ್ಲ ನಂಬುವವನಾಗಿದ್ದರೆ ಅವನು ಸಂಶಯಪ್ಪ ಹೇಗಾಗುತ್ತಿದ್ದ?

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕಾರಿಗೆ ಬೀಗ ಹಾಕಿ, ನಾಲ್ಕೂ ಬಾಗಿಲು ಎಳೆದು ನೋಡಿ, ಹತ್ತು ಹೆಜ್ಜೆ ನಡೆದು, ಮತ್ತೆ ಬಂದು ನಾಲ್ಕೂ ಬಾಗಿಲು ಎಳೆಯುವವನಿಗೆ ಆ ಹೆಸರು ಎಷ್ಟು ದಿನ ಅಂಟಿಕೊಂಡೀತು?

ಸುಳ್ಳು ಹೇಳಿದ್ದಕ್ಕೂ ಕಾರಣವಿತ್ತು. ಅವನಿಗಿಂತ ಮುಂಚೆ ಇದ್ದ ಡ್ರೈವರು ಒಂದು ಬೆಳಿಗ್ಗೆ "ಯಾಕೋ ಕಣ್ಣು ಸ್ವಲ್ಪ ಮಂಜು ಅಮ್ಮಾ" ಎಂದಿದ್ದ. ಮರುವಾರ ಆ ಸೀಟಿನಲ್ಲಿ ಸಂಶಯಪ್ಪ ಕೂತಿದ್ದ. ಸೀಟು ಬಂದ ದಾರಿ ಗೊತ್ತಿದ್ದವನಿಗೆ ಅದು ಹೋಗುವ ದಾರಿಯೂ ಗೊತ್ತಿರುತ್ತದೆ. ಚಾಲಕನಾದವನು ಚಾಲಾಕಿಯಾಗಿರಬೇಕು, ಎರಡು ಬೆರಳಿನ ಸುದ್ದಿ ಮೂರನೆಯವರಿಗೆ ತಿಳಿಯಬಾರದು.

ಮನೆಯಲ್ಲಿ ಹೆಂಡತಿ ಅಂಗಿ ಎತ್ತಿ ಹಿಡಿದಳು. ಲಾಂಡ್ರಿಯಲ್ಲಿ ದಿನಕ್ಕೆ ನೂರು ಅಂಗಿ ಇಸ್ತ್ರಿ ಮಾಡುವವಳು, ತೂತಿನ ಮೂಲಕ ಗಂಡನನ್ನು ನೋಡಿದಳು.

"ರೀ, ಇಲ್ಲೊಂದು ತಲೆ ತೂರಿಸಬಹುದು. ಇನ್ನೊಬ್ಬರನ್ನೂ ಕರ್ಕೊಂಡು ಬರ್ತೀರಾ?"

ಆ ಶುಕ್ರವಾರ ವಕೀಲಮ್ಮ ಹಿಂದಿನ ಸೀಟಿನಲ್ಲಿ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. "ಇಲ್ಲ ಕಣೋ, ಇನ್ನು ಅವರ ಕೈಲಿ ಆಗಲ್ಲ. ಇನ್ಮೇಲೆ ನಾನೇ ಕೈಗೆ ತಗೋತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಂಶಯಪ್ಪ ಮೊಣಕೈ ಮುಟ್ಟಿ ನೋಡಿಕೊಂಡ. ಯಾರ ಕೈಲಿ ಆಗಲ್ಲ? ಏನನ್ನು ಕೈಗೆ ತಗೋತಾರೆ? ಕನ್ನಡಿಯಲ್ಲಿ ಇಣುಕಿದರೆ ಅವರ ಮುಖಕ್ಕೆ ಫೈಲು ಅಡ್ಡವಿತ್ತು. ಅಡ್ಡ ಹಿಡಿದಿದ್ದೇ ಅನುಮಾನಾಸ್ಪದ.

ಸೋಮವಾರ ಬೆಳಿಗ್ಗೆ ವಕೀಲಮ್ಮನ ಮನೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ಶೆಡ್ಡಿಗೆ ಹೋಗಿ ಕಾರಿನ ಬಾಗಿಲು ತೆರೆದವನು ಹಾಗೇ ನಿಂತ. ಅವನ ಸ್ಪಂಜಿನ ಅವಶೇಷ ಮಾಯವಾಗಿತ್ತು. ಅದೇ ಬಾಗಿಲ ಮೇಲೆ ಕರಿಬಟ್ಟೆಯ ಪುಟ್ಟದೊಂದು ಮೆತ್ತೆ, ಎರಡು ಪಟ್ಟಿಯಿಂದ ಅಚ್ಚುಕಟ್ಟಾಗಿ ಬಿಗಿದು ಕೂತಿತ್ತು. ಒತ್ತಿದ. ಬೆಣ್ಣೆ.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಸಂಶಯಪ್ಪನಿಗೆ ಬೆವರು ಬಂತು. ಕೇಳದೇ ಕೊಟ್ಟದ್ದರ ಬೆಲೆ ಹೇಳದೇ ವಸೂಲಾಗುತ್ತದೆ ಎಂದು ಅವನ ನಂಬಿಕೆ. ಅವನಿಗಿದ್ದ ನಂಬಿಕೆ ಅದೊಂದೇ.

ಮೊದಲ ಅನುಮಾನ ಹೆಂಡತಿಯ ಮೇಲೆ. ಫೋನು ಮಾಡಿದ.

"ನೀನೇನಾದ್ರೂ ಕಾರಿಗೆ ದಿಂಬು ಹೊಲಿದ್ಯಾ?"

"ನಿಮ್ಮ ಅಂಗಿಗೆ ಗುಂಡಿ ಹಾಕೋಕೇ ಪುರುಸೊತ್ತಿಲ್ಲ, ಕಾರಿಗೆ ದಿಂಬು ಹೊಲೀಲಾ? ಆಮೇಲೆ ಅದಕ್ಕೆ ಜೋಗುಳಾನೂ ಹಾಡ್ಲಾ?"

ಮಧ್ಯಾಹ್ನ ಕೋರ್ಟಿನ ಹಿಂದಿನ ಬೀದಿಯಲ್ಲಿದ್ದ ಸೀಟ್ ಕವರ್ ಅಂಗಡಿಗೆ ಹೋದ. ಅಂಗಡಿಯವನನ್ನು ಎಲ್ಲರೂ ಸೀಟಣ್ಣ ಎನ್ನುತ್ತಿದ್ದರು. ಚುನಾವಣೆಗೆ ನಿಲ್ಲದೆಯೇ ಊರಿನ ಸೀಟುಗಳನ್ನೆಲ್ಲ ಗೆದ್ದವನು. ಅವನು ಮೆತ್ತೆಯ ಎರಡು ಹೊಲಿಗೆ ಬಿಡಿಸಿ ಬೆರಳು ತೂರಿಸಿದ.

"ಅಂಗಡಿ ಕೆಲಸ ಅಲ್ಲ ಗುರೂ, ಕೈಹೊಲಿಗೆ. ಒಳಗಿರೋದು ಸ್ಪಂಜೂ ಅಲ್ಲ. ಕೋಟಿನ ಹೆಗಲಲ್ಲಿ ಇಡ್ತಾರಲ್ಲ, ಆ ಪ್ಯಾಡು. ಯಾರದೋ ಹೆಗಲು ನಿನ್ನ ಮೊಣಕೈಗೆ ಬಂದಿದೆ."

ಸಂಜೆ ವಕೀಲಮ್ಮ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಸಂಶಯಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಅವರ ಕರಿಕೋಟಿನ ಎಡಹೆಗಲು ನೆಟ್ಟಗಿತ್ತು. ಬಲಹೆಗಲು ಗಾಳಿ ಹೋದ ಟೈರಿನಂತೆ ಕೆಳಗೆ ಕೂತಿತ್ತು.

ಹಾಗಾದರೆ ಅಮ್ಮನೇ! ಬೆರಳಿನ ವಿಷಯ ಅವರಿಗೆ ಗೊತ್ತಾಗಿದೆ. ಗೊತ್ತಾಗಿಯೂ ಬಾಯಿ ಬಿಡದೆ ಮೆತ್ತೆ ಹೊಲಿದಿದ್ದಾರೆ. ಕುರಿಗೆ ಹಸಿರು ಸೊಪ್ಪು ಹಾಕುವುದು ಅದರ ಮೇಲಿನ ಪ್ರೀತಿಗಲ್ಲ ಎಂದು ಕುರಿಗೆ ಗೊತ್ತಿಲ್ಲದಿದ್ದರೂ ಸಂಶಯಪ್ಪನಿಗೆ ಗೊತ್ತಿತ್ತು.

ಮಂಗಳವಾರ ಇನ್ನೊಂದು ವಿಷಯ ತಿಳಿಯಿತು, ಅದು ಮೊದಲಿನದಕ್ಕಿಂತ ಕೆಟ್ಟದ್ದು. ಎಷ್ಟು ಸಲ ಕೈಯೂರಿದರೂ ಮೊಣಕೈ ಮೆತ್ತೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಮೆತ್ತೆ ನಾಲ್ಕು ಬೆರಳು ಮುಂದಿತ್ತು. ಅವನಿಗಿಂತ ಗಿಡ್ಡ ಕೈಯವರು, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತರೆ ಅಲ್ಲಿಗೆ ಸರಿಹೋಗುತ್ತದೆ. ನೆನಪಿಸಿಕೊಂಡರೆ, ಕಳೆದ ಎರಡು ಸೋಮವಾರವೂ ಸೀಟು ಮುಂದಿತ್ತು, ಕನ್ನಡಿ ಕೆಳಗೆ ಬಾಗಿತ್ತು. ಮೆತ್ತೆ ಅವನಿಗಲ್ಲ. ಭಾನುವಾರಗಳಲ್ಲಿ ಯಾರೋ ಅವನ ಸೀಟಿನಲ್ಲಿ ಕೂತು ಪರೀಕ್ಷೆ ಕೊಡುತ್ತಿದ್ದಾರೆ, ಪಾಸೂ ಆಗುತ್ತಿದ್ದಾರೆ!

ಆ ವಾರವೆಲ್ಲ ಅವನು ಊಟ ಮಾಡಿದ್ದು ಕಡಿಮೆ, ಲೆಕ್ಕ ಹಾಕಿದ್ದು ಹೆಚ್ಚು. ಐವತ್ತೆರಡು ವಯಸ್ಸು, ಮರಗಟ್ಟಿದ ಎರಡು ಬೆರಳು: ಇವನ್ನಿಟ್ಟುಕೊಂಡು ಹೋದರೆ ಇನ್ಯಾರು ಸ್ಟೀರಿಂಗ್ ಕೊಡುತ್ತಾರೆ? "ಅಮ್ಮನ್ನೇ ಕೇಳಿಬಿಡಿ ಅತ್ಲಾಗೆ" ಎಂದಳು ಹೆಂಡತಿ. "ಕೇಳಿದ್ರೆ ಹೇಳಿಬಿಡ್ತಾರಲ್ಲೇ" ಎಂದ ಸಂಶಯಪ್ಪ.

ಭಾನುವಾರ ಬೆಳಿಗ್ಗೆ ಏಳಕ್ಕೆ ವಕೀಲಮ್ಮನ ಮನೆಯೆದುರು ನಿಂತಿದ್ದ ವ್ಯಾನಿನ ಹಿಂದೆ ಅಡಗಿದ. ಏಳೂವರೆಗೆ ಗೇಟು ತೆರೆಯಿತು. ಅವನ ಕಾರು ಮುಗ್ಗರಿಸಿತು, ನಿಂತಿತು, ಬಿಕ್ಕಳಿಸಿತು, ಹೊರಗೆ ಬಂತು. ಪಕ್ಕದ ಸೀಟಿನಲ್ಲಿ ವಕೀಲಮ್ಮನ ತಮ್ಮ, ಎರಡು ಕೈಯಲ್ಲೂ ಡ್ಯಾಶ್‌ಬೋರ್ಡು ಹಿಡಿದುಕೊಂಡು "ಬ್ರೇಕು, ಅಕ್ಕಾ, ಬ್ರೇಕು!" ಎಂದು ಅರಚುತ್ತಿದ್ದ. ಸ್ಟೀರಿಂಗಿನ ಹಿಂದೆ ಸಾಕ್ಷಾತ್ ವಕೀಲಮ್ಮ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದರ ಮೊಣಕೈ ಕರಿಯ ಮೆತ್ತೆಯ ಮೇಲೆ, ಮಹಾರಾಣಿಯ ಗತ್ತಿನಲ್ಲಿ.

ತಡೆಯಲಾರದೆ ಸಂಶಯಪ್ಪ ರಸ್ತೆಗೆ ಬಂದ. ಕಾರು ಅವನ ಮಂಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಗಾಜು ಇಳಿಯಿತು.

"ಏನ್ರೀ ಸಂಶಯಪ್ಪ, ಇವತ್ತು ರಜೆ ಅಲ್ವಾ?"

"ಅಮ್ಮಾ, ನನ್ನ ಕೆಲಸದಿಂದ ಬಿಡಿಸ್ತಿದೀರಾ?" ಬಾಯಿಂದ ಬಂದೇಬಿಟ್ಟಿತು. "ಇನ್ನು ಅವರ ಕೈಲಿ ಆಗಲ್ಲ ಅಂದ್ರಿ. ಫೋನಲ್ಲಿ. ನಾನು ಕೇಳಿಸ್ಕೊಂಡೆ."

"ಅದು ನನ್ನ ಜೂನಿಯರ್ ಕೆಡಿಸಿದ ಕೇಸು ಕಣ್ರೀ."

"ಮತ್ತೆ ಈ ಮೆತ್ತೆ?"

"ನನ್ನ ಮೊಣಕೈ ನೋಯ್ತಿತ್ತು, ಹೊಲ್ಕೊಂಡೆ. ನಿಮ್ಮ ಚೂಯಿಂಗ್ ಗಮ್ ಕೀಳೋಕೆ ಅರ್ಧ ದಿನ ಹಿಡೀತು." ಆ ಸಾಕ್ಷಿ ನೋಟ ಮತ್ತೆ ಬಂತು. "ಮೂರು ತಿಂಗಳಿಂದ ನನ್ನ ಫೈಲನ್ನ ಎಡಗೈಲಿ ಕೊಡ್ತಿದೀರಿ. ಬಲಗೈಗೆ ಏನಾಗಿದೆ, ನಿಜ ಹೇಳಿ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಂಶಯಪ್ಪ ಸಂಶಯವಿಲ್ಲದೆ ಬಾಯಿ ತೆರೆದ. ಪ್ಲಾಸ್ಟಿಕ್ಕು, ಬೆರಳು, ಹಳೆಯ ಡ್ರೈವರು, ಎಲ್ಲ ಹೇಳಿದ.

"ಅವರನ್ನ ಯಾರ್ರೀ ಬಿಡಿಸಿದ್ದು? ಆಪರೇಷನ್ ಆಯ್ತು, ಮಗಳ ಮನೆ ಹತ್ರ ಅಂಗಡಿ ಇಟ್ರು" ಎಂದರು ವಕೀಲಮ್ಮ. "ನಾಳೆ ನಿಮಗೆ ಕೋರ್ಟಿಲ್ಲ, ಡಾಕ್ಟರು. ಅವರು ಸರಿ ಅನ್ನೋವರೆಗೂ ನೀವು ಪಕ್ಕದ ಸೀಟು. ಇವನು ಬರೀ ಕಿರುಚ್ತಾನೆ, ನೀವು ನನಗೆ ಹೇಳಿಕೊಡಿ. ಸಂಬಳ ಅದೇ, ಸೀಟು ಮಾತ್ರ ಬೇರೆ."

ಬದುಕಿದೆಯಾ ಬಡಜೀವವೇ ಎಂದು ತಮ್ಮ ಇಳಿದು ಜಾಗ ಬಿಟ್ಟ. ಸಂಶಯಪ್ಪ ಸುತ್ತಿ ಬಂದು ಕೂತ, ಬಾಗಿಲು ಹಾಕಿದ, ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದ. ವಕೀಲಮ್ಮ ಶಾಲೆಯ ಮೊದಲ ದಿನದ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿ, ಮೊಣಕೈಯನ್ನು ಮೆತ್ತೆಯ ಮೇಲೆ ಸುಖವಾಗಿ ಊರಿದರು.

"ಹೇಳಿ ಮೇಷ್ಟ್ರೇ, ಹದಿನಾಲ್ಕು ವರ್ಷದ ಅನುಭವ ನಿಮ್ಮದು. ಮೊದಲನೇ ಪಾಠ ಏನು?"

ಸಂಶಯಪ್ಪ ಆ ಮೆತ್ತೆಯನ್ನು ನೋಡಿದ, ತನ್ನ ಎರಡು ಬೆರಳನ್ನು ನೋಡಿಕೊಂಡ, ಗಂಟಲು ಸರಿಮಾಡಿಕೊಂಡ.

"ಮೊಣಕೈನ ಬಾಗಿಲ ಮೇಲೆ ಇಡಲೇಬಾರದಮ್ಮಾ. ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು."