ಲಾರಿಯ ಸೀಟಿಗೆ ಹೊರಸಿನ ಹೆಣಿಗೆ

ಅಂಗಳಕ್ಕೆ ಸಗಣಿನೀರು ಹಾಕಿದೆ. ಬಾವಿಯಿಂದ ನೀರು ತಂದು ಮಣ್ಣಿನ ಹರವಿ ತುಂಬಿದೆ. ಜೋಳ ಹಸನು ಮಾಡಿ ಬೀಸಿ, ರೊಟ್ಟಿ ಬಡಿದೆ. ಹಳೆಯ ಗಾದಿ ಬಿಚ್ಚಿ ಅರಳೆಯನ್ನು ಬಿಸಿಲಿಗೆ ಹರಡಿದೆ. ದಬ್ಬಣಕ್ಕೆ ದಾರ ಪೋಣಿಸಿದೆ. ಕೊನೆಯ ಎರಡು ಕೆಲಸ ಮನೆಯವಲ್ಲ, ಲಾರಿಯವು.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮ ಯಜಮಾನರು ಕಲಬುರಗಿಯ ಒಬ್ಬ ಬೇಳೆ ವ್ಯಾಪಾರಿಯ ಲಾರಿ ನಡೆಸುತ್ತಿದ್ದರು. ಊರಲ್ಲಿದ್ದ ನಾಲ್ಕಾರು ಲಾರಿಗಳಲ್ಲಿ ಅದೇ ಹಳೆಯದು. ಮುಂದಿನ ಉದ್ದ ಸೀಟಿನ ಸ್ಪ್ರಿಂಗುಗಳು ಮುರಿದು ಹೊದಿಕೆ ಹರಿದುಕೊಂಡು ಮೇಲೆ ಬಂದಿದ್ದವು. ಅವರು ಗೋಣಿಚೀಲ ಮಡಚಿ ಹಾಕಿಕೊಂಡು ಕೂಡುತ್ತಿದ್ದರು. ಆ ದಿನ ಚೀಲ ಸಾಲುವಂತಿರಲಿಲ್ಲ. ಕಮಲಾಪುರಕ್ಕೆ ಬಾಳೆಗೊನೆ ತರಲು ಹೋಗುವ ಲಾರಿಯಲ್ಲೇ, ಆ ಊರಿಗೆ ಕೊಟ್ಟ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಹಿಂದಿನ ಸಲ ಎತ್ತಿನ ಬಂಡಿಯಲ್ಲಿ ಬಂದ ಮೇಲೆ ಅವಳ ಬಸಿರು ನಿಲ್ಲಲಿಲ್ಲ. ಬಂಡಿಯ ಕುಲುಕಾಟಕ್ಕೇ ಹಾಗಾಯಿತೆಂದು ಅವಳ ಅತ್ತೆ ನಂಬಿದ್ದರು. ನಾನೂ ನಂಬಿದ್ದೆ. ಈ ಸಲ ಬೀಗತಿ ಮೊದಲೇ ಹೇಳಿ ಕಳಿಸಿದ್ದರು: "ಕುಲುಕದಂಗ ಒಯ್ಯೋದಾದ್ರ ಒಯ್ರಿ. ಇಲ್ಲಾಂದ್ರ ಬಾಣಂತನ ಇಲ್ಲೇ."

ಯಜಮಾನರು ಸೀಟಿನ ಚೌಕಟ್ಟನ್ನು ಬಿಚ್ಚಿ ಅಂಗಳಕ್ಕೆ ತಂದರು. ಮುರಿದ ಸ್ಪ್ರಿಂಗು ಕಿತ್ತೆಸೆದರು. ಹೊಸದು ಹಾಕಿಸಬೇಕೆಂದರೆ ಹೈದರಾಬಾದಿನಿಂದ ತರಿಸಬೇಕು. ಅವರು ಪುಂಡಿನಾರಿನ ಹಗ್ಗವನ್ನು ನೀರಲ್ಲಿ ನೆನೆಸಿ, ಮಲಗುವ ಹೊರಸು ಹೆಣೆಯುವ ಹಾಗೆಯೇ ಚೌಕಟ್ಟಿಗೆ ಹೆಣೆದರು. ಮನೆಯ ಹೊರಸುಗಳೆಲ್ಲ ಅವರ ಕೈಯವೇ. ನಾನು ಹೆಣಿಗೆಯ ಮೇಲೆ ಗೋಣಿ ತಟ್ಟು ಹಾಸಿ, ಅರಳೆ ತುಂಬಿ, ಮೇಲೊಂದು ಕೌದಿ ಹಾಕಿ ಸುತ್ತಲೂ ದಬ್ಬಣದಿಂದ ಹೊಲಿದೆ. ಅಂಗೈಯಿಂದ ಒತ್ತಿ ನೋಡಿದೆವು. ಮೆತ್ತಗಿತ್ತು.

ಇಬ್ಬರೂ ಲಾರಿ ಹತ್ತಿ ಹೊರಟೆವು. ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಕುಸನೂರಿನ ಹೊಲಗಳು ಶುರುವಾಗಿ ರಸ್ತೆ ಕೆಟ್ಟ ಮೇಲೆ, ಬಾಗಿಲ ಕಡೆ ಕುಳಿತಿದ್ದ ನಾನು ಅವರ ಭುಜಕ್ಕೆ ಬಂದು ತಾಗಿದೆ.

"ಜರಾ ಸರೀರಿ, ಹೊಲದಾಗ ಮಂದಿ ನೋಡಾಕತ್ತಾರ."

"ನಾ ಎಲ್ಲಿ ಸರೀಲಿ? ನೀನೇ ಉಳ್ಳಿಕೋತ ಬರಾಕತ್ತಿ."

ಮತ್ತೆ ಬಾಗಿಲಿಗೆ ಸರಿದು ಕುಳಿತೆ. ಮತ್ತೆ ಬಂದು ತಾಗಿದೆ. ಆಗ ಅವರಿಗೆ ಹೊಳೆಯಿತು. ಮಲಗಿದವರ ಮೈಗೆ ಹೊಂದಲೆಂದು ಹೊರಸಿಗೆ ನಡುವೆ ಒಂದಿಷ್ಟು ಜೋಲು ಬಿಡುತ್ತಾರೆ. ರೂಢಿಯ ಕೈ, ಸೀಟಿಗೂ ಬಿಟ್ಟಿತ್ತು.

"ಇದು ಕೂಡೂದಲ್ಲ, ಮಲಗೂದು ಆಗ್ಯಾದ ನೋಡು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೀಗತಿಯ ಕಣ್ಣು ನನಗೆ ಗೊತ್ತಿತ್ತು.

ಕಮಲಾಪುರದಲ್ಲಿ ಬೀಗತಿ ನಮಗೆ ನೀರು ಕೊಟ್ಟು, ಅದೇ ತಂಬಿಗೆಯನ್ನು ಮತ್ತೆ ತುಂಬಿಕೊಂಡು ಲಾರಿಯ ಹತ್ತಿರ ಬಂದರು. ತಂಬಿಗೆಯನ್ನು ಸೀಟಿನ ಮೇಲಿಟ್ಟು ತಾವೂ ಹತ್ತಿ ಕುಳಿತರು. ಮೈಯಲ್ಲಿ ಭಾರವುಳ್ಳವರು. ಸೀಟಿನ ನಡು ತಗ್ಗಿತು, ತಂಬಿಗೆ ಉರುಳಿತು, ಅವರ ಸೀರೆ ತೊಯ್ದಿತು.

"ಬೀಗರ, ಇದೇನ್ರಿ? ಕೂಸು ಹುಟ್ಟೋಕ್ಕಿಂತ ಮೊದಲೇ ತೊಟ್ಟಿಲ ಕಟ್ಟೀರಲ್ಲ!"

ಹೊಸ್ತಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಬಟ್ಟೆಯ ಗಂಟು ಕಾಲ ಹತ್ತಿರವೇ ಇತ್ತು. ಯಜಮಾನರು ಸೀಟನ್ನು ಕೆಳಗಿಳಿಸಿ ಬೋರಲು ಹಾಕಿ, ಹಗ್ಗದ ಗಂಟು ಬಿಚ್ಚಿ ಜಗ್ಗತೊಡಗಿದರು. ಬೀಗತಿ ಸ್ವಲ್ಪ ಹೊತ್ತು ನೋಡಿದರು.

"ಹಂಗ ಜಗ್ಗಿದ್ರ ಸಂಜಿ ಆಗ್ತದ. ಬಿಡ್ರಿ ಇಲ್ಲಿ."

ಕಚ್ಚೆ ಬಿಗಿದು, ಚೌಕಟ್ಟಿಗೆ ಪಾದ ಕೊಟ್ಟು, ಹಗ್ಗವನ್ನು ಎಳೆಎಳೆಯಾಗಿ ಬಿಗಿ ಮಾಡುತ್ತ ಬಂದರು. ಯಜಮಾನರು ಗಂಟು ಹಾಕುತ್ತ ಹೋದರು. ಹಗ್ಗ ಮಿಡಿದರೆ ಸದ್ದು ಬರುವಂತಾಯಿತು. ಆದರೂ ಬೀಗತಿಗೆ ಸಮಾಧಾನವಿಲ್ಲ. ಒಳಗೆ ಹೋಗಿ ಉಣ್ಣಲು ಕೂಡುವ ಉದ್ದನೆಯ ಮಣೆ ತಂದರು.

"ನಡುವ ಕೊಡ್ರಿ ಇದನ್ನ. ಮಜಬೂತ ಆಗಲಿ."

"ನೀವು ಯಾವುದರ ಮ್ಯಾಲ ಕೂತು ಉಣ್ತೀರಿ?" ಎಂದೆ.

"ನೆಲ ಎಲ್ಲಿಗಾರ ಹೋಗ್ಯಾದೇನ್ ಬೀಗತೀ?"

ಮಣೆಯನ್ನು ಹಗ್ಗದ ಕೆಳಗೆ ಅಡ್ಡಲಾಗಿ ಕೊಟ್ಟು ಎರಡೂ ತುದಿಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂಡಿಸಿದ್ದಾಯಿತು. ಸೀಟನ್ನು ಮೇಲೇರಿಸಿದ ಮೇಲೆ ಬೀಗತಿ ಮತ್ತೆ ತಂಬಿಗೆ ಇಟ್ಟು ಕುಳಿತರು. ನೀರು ಅಲುಗಿತು, ಚೆಲ್ಲಲಿಲ್ಲ. ಅವರು ಇಳಿದು ಮಗಳ ಗಂಟನ್ನು ತಾವೇ ಎತ್ತಿ ಒಳಗಿಟ್ಟರು.

ಕೆಂಪು ಬಾಳೆಗೊನೆ ಹಿಂದೆ, ನಾವು ಮೂವರು ಮುಂದೆ. ಯಜಮಾನರು ಬಂಡಿಗಳಿಗೂ ದಾರಿ ಬಿಟ್ಟುಕೊಡುತ್ತ ಬಂದರು. ಮಗಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. ಕಲಬುರಗಿಯ ಮಿನಾರುಗಳು ಕಂಡಾಗ ಅವಳೇ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟಳು.

"ಆಡಾಕತ್ತದ, ನೋಡವ್ವ."

ಆಡುತ್ತಿತ್ತು. ಯಜಮಾನರಿಗೆ ಹೇಳಿದೆ. ಅವರು "ಹೂಂ" ಎಂದರು, ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಅಂದು ಉಂಡದ್ದು ಬೆಳಗಿನ ರೊಟ್ಟಿ, ಎಣ್ಣೆಗಾಯಿ, ತೊಗರಿಬೇಳೆ, ಕಡೆಗೆ ಮೊಸರು. ದಣಿದು ಮೊದಲು ನಿದ್ದೆ ಹೋದವಳು ಮಗಳು. ಅವಳ ಮೊಸರು ಬಟ್ಟಲಲ್ಲೇ ಉಳಿದಿತ್ತು.